ಅಮ್ಮನಿಗೆ ಕಿವಿ ಮಂದ, ಕಣ್ಣು ಮಸುಕು. ಮನೆಗೆ ನರ್ಸ್ ಇಟ್ಟವರು ಅನುಭವ ಹೇಳಿ

ಗೌರಿಬಿದನೂರು ಹುಡುಗ:
ಅಮ್ಮನಿಗೆ 78. ಎರಡೂ ಕಿವಿ ಮಂದ. ಎಡಗಣ್ಣಿನ ಪೊರೆ ತೆಗೆಸಿದ್ದೇವೆ, ಬಲಗಣ್ಣು ಬಾಕಿ ಇದೆ. ಹೋದ ವಾರ ರಾತ್ರಿ ಬಚ್ಚಲಿಗೆ ಎದ್ದವರು ತಲೆ ಸುತ್ತಿ ಬಿದ್ದರು. ಪುಣ್ಯಕ್ಕೆ ಮೂಳೆಗೆ ಏನೂ ಆಗಿಲ್ಲ. ನಾನು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಮನೆ ಸೇರುವುದು ರಾತ್ರಿ. ಹೆಂಡತಿಗೆ ಶಾಲೆ ಕೆಲಸ. ಏಜೆನ್ಸಿಯಿಂದ ಹಗಲಿಗೆ ಮಾತ್ರ ಒಬ್ಬ ನರ್ಸ್ ಇಡೋಣ ಅಂತಿದ್ದೇವೆ. ಹಗಲಿಗೆ ಮಾತ್ರ ಇಟ್ಟರೆ ಸಾಕಾ? ಎಷ್ಟು ಕೇಳುತ್ತಾರೆ? ಅಮ್ಮ ಮಾತಾಡುವುದು ತೆಲುಗು. ಅನುಭವ ಇದ್ದವರು ದಯವಿಟ್ಟು ಹೇಳಿ.

ಮುಳಬಾಗಿಲು ಸೊಸೆ:
ಏಜೆನ್ಸಿ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರು ನರ್ಸ್ ಅಂತ ಕಳಿಸುವವರು ನರ್ಸ್ ಅಲ್ಲ, ತಿಳಿದಿರಲಿ. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಓದಿದವರು ಬೇಕೆಂದರೆ ದರವೇ ಬೇರೆ. ನಮಗೆ ಬಂದದ್ದು ಅಟೆಂಡರ್ ಹುಡುಗಿ, ಹಗಲು ರಾತ್ರಿ ಸೇರಿ ತಿಂಗಳಿಗೆ 26,000. ರಿಜಿಸ್ಟ್ರೇಷನ್ ಅಂತ 5,000, ಅದು ವಾಪಸ್ ಬರುವುದಿಲ್ಲ. ಒಂದು ತಿಂಗಳ ಹಣ ಮುಂಗಡ. ಊಟ, ತಿಂಡಿ, ಸೋಪು, ತಲೆಗೆ ಎಣ್ಣೆ ಎಲ್ಲ ನಮ್ಮದೇ. ಭಾನುವಾರ ರಜೆ ಕೊಡದಿದ್ದರೆ ಆ ದಿನಕ್ಕೆ ಡಬಲ್. ಊರಿಗೆ ಹೋಗುವಾಗ ರೈಲು ಚಾರ್ಜೂ ನಮ್ಮ ತಲೆಗೇ.

ಅತ್ತೆಗೆ ತೆಲುಗು ಬಿಟ್ಟರೆ ಅರ್ಧಂಬರ್ಧ ಕನ್ನಡ. ಕಿವಿ ಬೇರೆ ಕೇಳುವುದಿಲ್ಲ. ಆ ಹುಡುಗಿಗೆ ಹಿಂದಿ ಮಾತ್ರ. ನೀರು ಕೇಳಿದರೆ ಬೆಡ್‌ಪ್ಯಾನ್ ತರುತ್ತಿದ್ದಳು. ಅತ್ತೆ ಬೈಯುವುದು, ಅವಳು ಅಳುವುದು, ಇಬ್ಬರನ್ನೂ ಸಮಾಧಾನ ಮಾಡುವುದು ನನ್ನ ಕೆಲಸ. ಹಬ್ಬಕ್ಕೆ ಅಂತ ಹೋದವಳು ಬರಲೇ ಇಲ್ಲ. ಬದಲಿ ಕಳಿಸಿ ಅಂದರೆ ‘ನೋಡ್ತೀವಿ ಮೇಡಂ’. ಮುಂಗಡ ಮುಳುಗಿತು.

ಕೊನೆಗೆ ನಮ್ಮ ಬೀದಿಯ ಅಕ್ಕ ಒಬ್ಬರು ಒಪ್ಪಿಕೊಂಡರು. 12,000, ಬೆಳಿಗ್ಗೆ ಎಂಟರಿಂದ ಸಂಜೆ ಆರು. ತೆಲುಗು ಬರುತ್ತದೆ. ಎದುರಿಗೆ ಕೂತು, ತುಟಿ ಕಾಣುವ ಹಾಗೆ ಮಾತಾಡುತ್ತಾರೆ. ರಾತ್ರಿ ನಾನೇ. ಅತ್ತೆಯನ್ನು ನಾನೇ ನೋಡಿಕೊಂಡೆ ಅಂತ ಹೇಳಿಕೊಳ್ಳಲು ನನಗೇನೂ ಸಂಕೋಚ ಇಲ್ಲ. ಯಾವುದೋ ಆಶ್ರಮಕ್ಕೆ ಬಿಟ್ಟು ಬರುವ ಜಾತಿ ನಮ್ಮದಲ್ಲ.

ತಿಪಟೂರು ಮೇಷ್ಟ್ರು:
ನರ್ಸ್ ವಿಷಯ ಆಮೇಲೆ. ಮೊದಲು ಕಿವಿ ನೋಡಿ. ನಮ್ಮ ತಂದೆಗೆ 81ರಲ್ಲಿ ಮಿಷನ್ ಹಾಕಿಸಿದೆ. ಅದಕ್ಕೂ ಮುಂಚೆ ಇಎನ್‌ಟಿ ಡಾಕ್ಟರ್ ಹತ್ತಿರ ಗುಗ್ಗೆ ತೆಗೆಸಿದೆವು. ಬಲಗಿವಿಯಲ್ಲಿ ಕಲ್ಲಾಗಿ ಕೂತಿತ್ತು. ಡ್ರಾಪ್ಸ್ ಹಾಕಿ ಮೆತ್ತಗೆ ಮಾಡಿ ತೆಗೆದರು. ಆಮೇಲೆ ಆಡಿಯೋಗ್ರಾಂ, ಅಂದರೆ ಯಾವ ಸದ್ದು ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ, ಅದನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಿದ್ದು.

ವಯಸ್ಸಾದ ಕಿವಿಯಲ್ಲಿ ಮೊದಲು ಹೋಗುವುದು ಕೀರಲು ಸದ್ದು. ಸ, ಶ, ಫ, ತ ಎಲ್ಲ ಆ ಕಡೆಯವು. ಹಾಗಾಗಿ ನೀವು ಏನೋ ಮಾತಾಡುತ್ತಿದ್ದೀರಿ ಅನ್ನುವುದು ಅವರಿಗೆ ಗೊತ್ತಾಗುತ್ತದೆ, ಏನು ಅಂತ ತಿಳಿಯುವುದಿಲ್ಲ. ಸಾರು ಅಂದರೆ ಯಾರು ಅನ್ನುತ್ತಾರೆ. ಕಿರುಚಿದರೆ ಇನ್ನೂ ಕೆಡುತ್ತದೆ. ಟಿವಿ ಆರಿಸಿ, ದನಿ ತಗ್ಗಿಸಿ, ನಿಧಾನವಾಗಿ ಹೇಳಬೇಕು.

ಮಿಷನ್ ಕೊಂಡದ್ದು ತುಮಕೂರಿನಲ್ಲಿ. ಒಂದಕ್ಕೆ 38,000. ಜೋಡಿ ಅಂತ ಸ್ವಲ್ಪ ಬಿಟ್ಟು 72,000. ಕಿವಿಯ ಅಚ್ಚಿಗೆ ಬೇರೆ 1,500. ತೇವ ಹೀರುವ ಡಬ್ಬಿ 400. ಬ್ಯಾಟರಿ 13 ನಂಬರ್, ಆರರ ಸ್ಟ್ರಿಪ್ 250. ಅದರ ಮೇಲಿನ ಸ್ಟಿಕ್ಕರ್ ಕಿತ್ತ ಕೂಡಲೇ ಹಾಕಬಾರದು, ಒಂದೆರಡು ನಿಮಿಷ ಗಾಳಿಗಿಡಬೇಕು. ಗಾಳಿ ಸೇರಿದರೇ ಅದು ಕೆಲಸ ಮಾಡುವುದು. 72,000 ಎಣಿಸಿಕೊಂಡ ಅಂಗಡಿಯವನಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಮೊದಮೊದಲು ಅಪ್ಪ ಅದನ್ನು ಕಿತ್ತು ದಿಂಬಿನ ಕೆಳಗೆ ಇಡುತ್ತಿದ್ದರು. ಫ್ಯಾನ್ ಸದ್ದು, ತಟ್ಟೆ ಸದ್ದು ತಲೆಗೆ ಹೊಡೆಯುತ್ತದೆ ಅಂತ. ದಿನಕ್ಕೆ ಒಂದು ಗಂಟೆಯಿಂದ ಶುರು ಮಾಡಿ ಏರಿಸಿದೆವು. ಈಗ ಫೋನಿನಲ್ಲಿ ಕೊಬ್ಬರಿ ರೇಟು ಕೇಳಿ ಮಂಡಿಯವರ ಜೊತೆ ಜಗಳ ಆಡುತ್ತಾರೆ.

ಪಾವಗಡದವನು:
72,000ಕ್ಕೆ ಕಿವಿ! ಪಿಂಚಣಿ ಇರುವವರ ಮಾತು ಬಿಡಿ ಮೇಷ್ಟ್ರೇ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ವಯೋಶ್ರೀ ಯೋಜನೆಯಲ್ಲಿ ಕಿವಿ ಮಿಷನ್, ಊರುಗೋಲು, ವಾಕರ್, ಕನ್ನಡಕ, ಹಲ್ಲು ಸೆಟ್ಟು ಎಲ್ಲ ಬಿಟ್ಟಿ. 2017ರಿಂದ ಇದೆ. ನಮ್ಮವ್ವನಿಗೆ ಕ್ಯಾಂಪಿನಲ್ಲಿ ಕೊಟ್ಟರು. ಅದೂ ಬೇಡ ಅಂದರೆ ಆನ್‌ಲೈನಿನಲ್ಲಿ 2,500ಕ್ಕೆ ಸಿಗುತ್ತದೆ. ನನ್ನ ಭಾವ ಹಾಕಿಕೊಂಡು ಆರಾಮಾಗಿದ್ದಾನೆ.

ತಿಪಟೂರು ಮೇಷ್ಟ್ರು:
ಅದು ಮಿಷನ್ ಅಲ್ಲ, ಸದ್ದು ದೊಡ್ಡದು ಮಾಡುವ ಡಬ್ಬಿ. ಮಾತಿನ ಜೊತೆ ಕುಕ್ಕರ್ ಸೀಟಿಯನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಆಡಿಯೋಗ್ರಾಂ ನೋಡಿ, ಹೋಗಿರುವ ಸದ್ದನ್ನು ಮಾತ್ರ ಏರಿಸಬೇಕು. ಪಿಂಚಣಿ ವಿಷಯ ಎತ್ತಬೇಡಿ. 34 ವರ್ಷ ಪಾಠ ಮಾಡಿ ಪಡೆದದ್ದು. ಅದಿರಲಿ, ನಿಮ್ಮ ತಾಯಿ ಆ ಕ್ಯಾಂಪ್ ಮಿಷನ್ ಹಾಕುತ್ತಿದ್ದಾರಾ?

ಪಾವಗಡದವನು:
ಪೆಟ್ಟಿಗೆಯಲ್ಲಿದೆ. ಮದುವೆ ಮುಂಜಿ ಇದ್ದರೆ ಹಾಕುತ್ತಾರೆ.

ಕೋಲಾರದ ಮಗ:
ಹಗಲಿಗೆ ಸಾಕಾ ಅಂತ ಕೇಳಿದ್ದೀರಿ. ನಮ್ಮಪ್ಪ ಬಿದ್ದದ್ದು ಬೆಳಗಿನ ಜಾವ ಮೂರೂವರೆಗೆ. ಬಚ್ಚಲಿಗೆ ಪಾಲಿಶ್ ಗ್ರಾನೈಟ್ ಬೇಡ ಅಂತ ನಾನು ಬಡಿದುಕೊಂಡೆ. ಅಣ್ಣನಿಗೆ ಹೊಳೆಯುವ ನೆಲ ಬೇಕಿತ್ತು. ತೊಡೆ ಮೂಳೆಯ ಕುತ್ತಿಗೆ ಮುರಿಯಿತು.

ಖರ್ಚು ಕೇಳಿ. ಕೀಲಿನ ಗುಂಡು ಬದಲಿಸಿದ ಆಪರೇಷನ್, ಖಾಸಗಿ ಆಸ್ಪತ್ರೆ, 1,64,000. ಅದರಲ್ಲಿ ಇಂಪ್ಲಾಂಟೇ 52,000. ಆಂಬ್ಯುಲೆನ್ಸ್ 3,500. ರಕ್ತ ಕೊಡುವ ಹುಡುಗರಿಗೆ ಜ್ಯೂಸು, ಊಟ. ಮನೆಗೆ ಬಂದ ಮೇಲೆ ಫಿಸಿಯೋ ಒಂದು ಸಲಕ್ಕೆ 500. ವಾಕರ್ 1,400. ಕಮೋಡ್ ಕುರ್ಚಿ 3,200. ಗೋಡೆಗೆ ಹಿಡಿಕೆ ಒಂದಕ್ಕೆ 900, ಕೂರಿಸಿದ ಪ್ಲಂಬರ್ ಕೇಳಿದ್ದು 600. ಮೊದಲನೆಯದನ್ನು ಬಾಗಿಲ ಹಿಂದೆ ಕೂರಿಸಿದ! ಬಾಗಿಲು ತೆಗೆದರೆ ಹಿಡಿಕೆ ಕಾಣುವುದಿಲ್ಲ. ಕಿತ್ತು ಮತ್ತೆ ಹಾಕಿಸಿದ್ದಕ್ಕೆ ಮತ್ತೆ 600. ಡಯಾಪರ್ ಒಂದಕ್ಕೆ 40ರ ಮೇಲೆ. ಏರ್ ಬೆಡ್ 3,800. ಬೇಸಿಗೆಯಲ್ಲಿ ಕರೆಂಟ್ ಹೋದರೆ ಅದರ ಮೋಟಾರ್ ನಿಂತು ಗಾಳಿ ಇಳಿದು ಅಪ್ಪ ಮಂಚದ ಹಲಗೆಗೇ ತಾಗುತ್ತಿದ್ದರು. ಅದಕ್ಕೆ ಅಂತ ಯುಪಿಎಸ್ 18,500. ಅಣ್ಣ ಕೊಟ್ಟದ್ದು 20,000 ಮಾತ್ರ. ಗ್ರಾನೈಟ್‌ಗೆ ಅದಕ್ಕಿಂತ ಜಾಸ್ತಿ ಸುರಿದಿದ್ದ.

ತುಮಕೂರು ಸಿಸ್ಟರ್:
ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ನನ್ನ ಅತ್ತೆಯನ್ನು ಹಾಸಿಗೆ ಹಿಡಿದ ಮೇಲೂ ವರ್ಷಗಟ್ಟಲೆ ನೋಡಿಕೊಂಡೆ. ಬೆನ್ನಿಗೆ ಒಂದು ಹುಣ್ಣು ಆಗಲು ಬಿಡಲಿಲ್ಲ. ಕೋಲಾರದವರೇ, ಏರ್ ಬೆಡ್ ಇದೆ ಅಂತ ಮಗ್ಗಲು ಬದಲಿಸದೆ ಬಿಡುವ ಹಾಗಿಲ್ಲ. ಎರಡು ಗಂಟೆಗೊಮ್ಮೆ ತಿರುಗಿಸಲೇಬೇಕು. ನಾನು ಅಲಾರಂ ಇಟ್ಟು ಏಳುತ್ತಿದ್ದೆ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು. ಸೊಂಟದ ಕೆಳಗೆ ಕೆಂಪಾದರೆ ಬೆರಳಿಂದ ಒತ್ತಿ ನೋಡಿ. ಬಿಳಿಚಿಕೊಳ್ಳದೆ ಕೆಂಪಾಗೇ ಉಳಿದರೆ ಒಳಗೆ ಹುಣ್ಣು ಶುರುವಾಗಿದೆ ಅಂತ. ಅಲ್ಲಿ ತಿಕ್ಕಬಾರದು. ನಮ್ಮ ಕಾಲದಲ್ಲಿ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ತಿಕ್ಕಿ ಅಂತ ಕಲಿಸಿದ್ದರು. ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು. ವಯಸ್ಸಾದವರ ಚರ್ಮ ಮೊದಲೇ ತೆಳ್ಳಗೆ, ಒಣಗಿರುತ್ತದೆ. ಸ್ಪಿರಿಟ್ ಅದನ್ನು ಇನ್ನೂ ಒಣಗಿಸುತ್ತದೆ. ನಡುವೆ ತೂತು ಇರುವ ರಬ್ಬರ್ ರಿಂಗೂ ಬೇಡ, ಸುತ್ತ ರಕ್ತ ಓಡುವುದನ್ನು ತಡೆಯುತ್ತದೆ.

ಇನ್ನೊಂದು. ಅತ್ತೆ ಒಂದು ದಿನ ಬೆಳಿಗ್ಗೆ ನನ್ನನ್ನೇ ಯಾರು ಅಂತ ಕೇಳಿದರು. ಮನೆಯವರೆಲ್ಲ ಅರಳುಮರಳು ಅಂದರು. ಹಿಂದಿನ ದಿನ ಸರಿಯಾಗಿದ್ದವರು ಒಂದೇ ರಾತ್ರಿಗೆ ಹಾಗಾದರೆ ಅದು ಅರಳುಮರಳಲ್ಲ ಅಂತ ಹಟ ಹಿಡಿದು ರಕ್ತ, ಮೂತ್ರ ಟೆಸ್ಟ್ ಮಾಡಿಸಿದೆ. ಮೂತ್ರದ ಸೋಂಕು, ಮೇಲೆ ಸೋಡಿಯಂ ಕಡಿಮೆ. ವಯಸ್ಸಾದವರಿಗೆ ಇಂಥ ಸೋಂಕಿಗೆ ಜ್ವರವೇ ಬರದೆ ಇರಬಹುದು.

ಗೌರಿಬಿದನೂರಿನ ತಮ್ಮಾ, ಎದ್ದಾಗ ತಲೆ ಸುತ್ತಿದ್ದು ಅಂದೆಯಲ್ಲ, ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿಸು. ಮಾತ್ರೆ ಚೀಟಿ ಡಾಕ್ಟರಿಗೆ ತೋರಿಸು. ಎದ್ದ ಕೂಡಲೇ ನಿಲ್ಲದೆ ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂರಲಿ.

ಚಿಂತಾಮಣಿ ಮಗಳು:
ಮುಳಬಾಗಿಲಿನವರು ಆಶ್ರಮದ ಜಾತಿ ಅಂದರಲ್ಲ, ಅದು ನನಗೇ ತಾಗಿದೆ. ನಮ್ಮಮ್ಮನನ್ನು ಹೊಸಕೋಟೆ ಕಡೆಯ ಒಂದು ಹಿರಿಯರ ಮನೆಯಲ್ಲಿ ಇಟ್ಟಿದ್ದೇನೆ. ತಿಂಗಳಿಗೆ 22,000, ಡಿಪಾಸಿಟ್ 1,00,000, ಮಾತ್ರೆ ಬೇರೆ. ಮೂವರು ಅಣ್ಣಂದಿರು ಜಮೀನು ಹಂಚಿಕೊಂಡರು. ಅಮ್ಮನನ್ನು ಹಂಚಿಕೊಳ್ಳಲು ಯಾರೂ ಬರಲಿಲ್ಲ. ನಾನು ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿರುವವಳು, ಲಿಫ್ಟ್ ಇಲ್ಲ. ಒಂದು ಕಣ್ಣಿಗೆ ಪೊರೆ ತೆಗೆಸಿ ಇನ್ನೊಂದು ಬಾಕಿ ಇದ್ದಾಗ ಅಮ್ಮನಿಗೆ ಮೆಟ್ಟಿಲಿನ ಅಂಚೇ ಅಂದಾಜಿಗೆ ಸಿಗುತ್ತಿರಲಿಲ್ಲ. ಅಲ್ಲಿ ನೆಲಮಹಡಿ. ರಾತ್ರಿ ಎದ್ದಿರುವ ನರ್ಸ್ ಇದ್ದಾರೆ. ಬಚ್ಚಲ ದಾರಿಗೆ ರಾತ್ರಿಯೆಲ್ಲ ದೀಪ. ಊಟಕ್ಕೆ ಮಾತ್ರ ದಿನಾ ಜಗಳ, ಮುದ್ದೆ ಮಾಡುವುದಿಲ್ಲ ಅಂತ.

ಮುಳಬಾಗಿಲು ಸೊಸೆ:
ನಿಮ್ಮನ್ನು ನೋಡಿ ಹೇಳಿದ್ದಲ್ಲ. ಆದರೂ 22,000ಕ್ಕೆ ಮನೆಯಲ್ಲೇ ಜನ ಇಡಬಹುದಿತ್ತಲ್ವಾ?

ಚಿಂತಾಮಣಿ ಮಗಳು:
ಯಾರ ಮನೆಯಲ್ಲಿ? ನಿಮಗೆ ಸಿಕ್ಕಿದ ಅಕ್ಕನಂಥವರು ಎಲ್ಲ ಬೀದಿಯಲ್ಲೂ ಹುಟ್ಟುತ್ತಾರಾ? ಸುಮ್ನೆ ಇರಿ.

ಪಾವಗಡದವನು:
ಅಕ್ಕಾ, ನಿಮ್ಮಣ್ಣಂದಿರ ಮೇಲೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಎ.ಸಿ. (ಉಪವಿಭಾಗಾಧಿಕಾರಿ) ಹತ್ತಿರ ಅರ್ಜಿ ಹಾಕಿ. ನೋಡಿಕೊಳ್ಳಬೇಕು ಅನ್ನುವ ಷರತ್ತು ದಾನಪತ್ರದಲ್ಲಿ ಇದ್ದರೆ ಅದನ್ನು ರದ್ದೇ ಮಾಡಿಸಬಹುದು. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಚಿಂತಾಮಣಿ ಮಗಳು:
ಅದು ದಾನಪತ್ರ ಅಲ್ಲ, ವಿಭಾಗಪತ್ರ. ಅಮ್ಮ ಅಣ್ಣಂದಿರ ಮೇಲೆ ಹೆಬ್ಬೆಟ್ಟು ಒತ್ತುವುದಿಲ್ಲ ಅಂತ ಕೂತಿದ್ದಾರೆ. ಬಿಡಿ.

ಕೋಲಾರದ ಮಗ:
ಮುದ್ದೆ ವಿಷಯ ಬಂತಲ್ಲ. ಹಲ್ಲಿಲ್ಲದವರಿಗೆ ಮುದ್ದೆಗಿಂತ ಒಳ್ಳೆಯದಿಲ್ಲ. ಅಗಿಯುವ ಕೆಲಸವೇ ಇಲ್ಲ.

ತುಮಕೂರು ಸಿಸ್ಟರ್:
ನುಂಗಲು ತೊಂದರೆ ಇಲ್ಲದವರಿಗೆ ಸರಿ. ಪಾರ್ಶ್ವವಾಯು ಆದವರಿಗೆ ತುತ್ತು ಗಂಟಲಲ್ಲಿ ನಿಂತರೆ ಕಥೆ ಮುಗಿಯಿತು. ತೆಳ್ಳಗಿನ ನೀರೂ ಕೆಲವರಿಗೆ ಶ್ವಾಸನಾಳಕ್ಕೆ ಇಳಿಯುತ್ತದೆ. ಉಣ್ಣುವಾಗ ಕೆಮ್ಮು ಬರುತ್ತಿದ್ದರೆ ಮೊದಲು ತೋರಿಸಿ. ನೆಟ್ಟಗೆ ಕೂರಿಸಿ ಉಣಿಸಿ, ಮಲಗಿಸಿಕೊಂಡು ಅಲ್ಲ.

ಪಾವಗಡದವನು:
ನಮ್ಮ ಕಡೆ ಮುದ್ದೆಯಲ್ಲ, ನೀರು ಕೊಂದದ್ದು. ಬೋರ್‌ವೆಲ್ ಫ್ಲೋರೈಡ್. ನಮ್ಮವ್ವನ ಕುತ್ತಿಗೆ ತಿರುಗುವುದಿಲ್ಲ, ಬೆನ್ನು ನೆಟ್ಟಗಾಗುವುದಿಲ್ಲ. ವಯಸ್ಸು ಅಂದರು ಎಲ್ಲರೂ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಜೀವಮಾನ ಪೂರ್ತಿ ಕುಡಿದರೆ ಇನ್ನೇನಾಗುತ್ತದೆ? ಕುದಿಸಿದರೂ ಹೋಗುವುದಿಲ್ಲ. ಕೋಲಾರದವರಿಗೇನು, ಕೆ.ಸಿ. ವ್ಯಾಲಿ ನೀರು ಬಂತು.

ಕೋಲಾರದ ಮಗ:
ಏನ್ರೀ ಬಂದದ್ದು? 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗೆ ಬಿಡುತ್ತಿದ್ದಾರೆ. ಅದು ಅಂತರ್ಜಲಕ್ಕೆ, ಕುಡಿಯಲು ಅಲ್ಲ. ನೀವು ಬೇಕಾದರೆ ತಗೊಂಡು ಹೋಗಿ.

ಪಾವಗಡದವನು:
ಬೋರ್ ತುಂಬಿತಲ್ಲ, ಟೊಮೇಟೊ ಬೆಳೆದಿರಲ್ಲ. ನಮಗೆ ಅದೂ ಇಲ್ಲ.

ಗೌರಿಬಿದನೂರು ಹುಡುಗ:
ಎಲ್ಲರಿಗೂ ಧನ್ಯವಾದ. ಸಿಸ್ಟರ್ ಹೇಳಿದಂತೆ ನಾಳೆ ಬಿಪಿ ನೋಡಿಸುತ್ತೇವೆ. ಹಗಲಿಗೆ ಮಾತ್ರ ಆದರೆ ಏಜೆನ್ಸಿಯವರು ಎಷ್ಟು ಕೇಳುತ್ತಾರೆ ಅಂತ ಯಾರಿಗಾದರೂ ಗೊತ್ತಾ?

ಮುಳಬಾಗಿಲು ಸೊಸೆ:
ಏಜೆನ್ಸಿ ಬೇಡ ಅಂತ ಇಷ್ಟುದ್ದ ಬರೆದೆನಲ್ಲಪ್ಪ!

ಕೋಲಾರದ ಮಗ:
ನನ್ನ ಹತ್ತಿರ ಏರ್ ಬೆಡ್ ಇದೆ, ಮೋಟಾರ್ ಸಮೇತ. ಅಪ್ಪ ಈಗ ವಾಕರ್ ಹಿಡಿದು ಓಡಾಡುತ್ತಿದ್ದಾರೆ. ಯಾರಿಗಾದರೂ ಬೇಕಿದ್ದರೆ 2,500.

ಪಾವಗಡದವನು:
ಕರೆಂಟ್ ಹೋದರೆ ಇಳಿಯುತ್ತದೆ ಅಂತ ನೀವೇ ಹೇಳಿದ್ದು. 1,200 ಕೊಡುತ್ತೇನೆ.

ಕೋಲಾರದ ಮಗ:
2,000ಕ್ಕಿಂತ ಕೆಳಗೆ ಮಾತಿಲ್ಲ. ನೀವೇ ಬಂದು ತಗೊಂಡು ಹೋಗಬೇಕು.