ಅಪ್‌ಡೇಟ್: ವರ್ಷಗಟ್ಟಲೆ ಡೋಥಿಯೆಪಿನ್ ಮೇಲಿರುವವರ ಮರುಪರಿಶೀಲನೆ

ಇಂಡಿ, ಸಿಂದಗಿ ಕಡೆಯಿಂದ ವಿಜಯಪುರಕ್ಕೆ ಬಂದು ಅದೇ ಹಳೇ ಚೀಟಿ ಮೇಲೆ ಡೋಥಿಯೆಪಿನ್ (ಖಿನ್ನತೆಗೆ ಕೊಡುವ ಹಳೇ ಗುಳಿಗೆ) ಒಯ್ಯುವವರನ್ನು ಹೇಗೆ ನೋಡಬೇಕೆಂದು ಕೇಳಿದ್ದೆ. ಉತ್ತರಿಸಿದವರಿಗೆ ಶರಣು. ಈಗಿನ ಕ್ರಮ ಹೀಗಿದೆ.

ಮೊದಲು ಗುಳಿಗೆ ಯಾಕೆ ಶುರುವಾಯಿತೆಂದು ನೋಡುವುದು. ನರನೋವಿಗೆ, ಮೈಗ್ರೇನ್‌ಗೆ ರಾತ್ರಿ 10 ಮಿ.ಗ್ರಾಂ ಅದೇ ಗುಂಪಿನ ಅಮಿಟ್ರಿಪ್ಟಿಲಿನ್ ತಗೊಳ್ಳುವವರು ಈ ಪಟ್ಟಿಗೆ ಬರುವುದಿಲ್ಲ. ಹೃದಯದ ತೊಂದರೆ, ಗ್ಲಾಕೋಮಾ (ಕಣ್ಣೊತ್ತಡದ ರೋಗ), ಮೂತ್ರ ಕಟ್ಟುವಿಕೆ, ಆತ್ಮಹತ್ಯೆಯ ಯೋಚನೆ ಇದ್ದವರು ಮೊದಲು, ಇಸಿಜಿ ಕಡ್ಡಾಯ. ಮಿತಿಮೀರಿ ನುಂಗಿದರೆ ಡೋಥಿಯೆಪಿನ್ ಹೃದಯದ ಲಯವನ್ನೇ ಕೆಡಿಸುತ್ತದೆ. ಅಪಾಯವಿದ್ದವರಿಗೆ ವಾರದ್ದಷ್ಟೇ ಗುಳಿಗೆ, ಅದೂ ಮನೆಯವರ ಕೈಗೆ.

75 ಮಿ.ಗ್ರಾಂ ಇದ್ದರೆ 2–4 ವಾರಕ್ಕೊಮ್ಮೆ 25 ಇಳಿಸುವುದು. ಥಟ್ಟನೆ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ವಾಕರಿಕೆ. ‘ರೋಗ ತಿರುಗಿ ಬಂತ್ರೀ’ ಅಂತ ಬರುವವರಲ್ಲಿ ಎಷ್ಟೋ ಮಂದಿಯದು ಇದೇ. ಬದಲಿಗೆ ಖಿನ್ನತೆಯ ಹೊಸ ಬಗೆಯ ಗುಳಿಗೆ ಸರ್ಟ್ರಾಲಿನ್, 25 ಮಿ.ಗ್ರಾಂನಿಂದ ಶುರು. ಅದೇ ಬಗೆಯ ಫ್ಲುವಾಕ್ಸೆಟಿನ್ ಕೂಡಿಸಿದರೆ ಡೋಥಿಯೆಪಿನ್ ಮಟ್ಟ ರಕ್ತದಲ್ಲಿ ಏರುತ್ತದೆ. ಸರ್ಟ್ರಾಲಿನ್ ಶುರುವಾದ ಮೇಲೆ ವಯಸ್ಸಾದವರಿಗೆ 2 ವಾರಕ್ಕೆ ರಕ್ತದ ಸೋಡಿಯಂ ಪರೀಕ್ಷೆ. ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ನುಂಗುವವರಿದ್ದರೆ (ನಮ್ಮ ಕಡೆ ಯಾರು ನುಂಗುವುದಿಲ್ಲ?) ಸರ್ಟ್ರಾಲಿನ್ ಜೊತೆ ಸೇರಿ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ, ಅದನ್ನು ಕೇಳಲೇಬೇಕು.

ಖರ್ಚಿನ ಮಾತು ಸಣ್ಣದು: ಚೀಟಿಯಲ್ಲಿ ಕಂಪನಿ ಹೆಸರು ಬಿಟ್ಟು ಜೆನೆರಿಕ್ ಹೆಸರು ಬರೆದರೆ ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತದೆ.

ಆರಾಮಿದ್ದು ಬದಲಾವಣೆ ಬೇಡವೆನ್ನುವವರಿಗೆ ಒತ್ತಾಯವಿಲ್ಲ. ಇಸಿಜಿ ಸರಿ ಇದ್ದರೆ ಕಾರಣ ಬರೆದಿಟ್ಟು, 6 ತಿಂಗಳಿಗೆ ಮತ್ತೆ ನೋಡುವುದು.