ಪಂಜು ಹಿಡಿದು ಹೊರಟ ಕಳ್ಳ

ಹಾಸ್ಟೆಲ್ ಬ್ಯಾಚ್ ಗುಂಪು, ಗುರುವಾರ ರಾತ್ರಿ. ಶನಿವಾರದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಪಾತ್ರ ಕಟ್ಟುವ ಹರಟೆ

ರಘು: ನನ್ನ ಪಾತ್ರದ ಶೀಟ್ ರೆಡಿ, ಪಿಡಿಎಫ್ ಹಾಕಿದ್ದೇನೆ, ನೋಡ್ರಪ್ಪಾ. ಲೈಟ್‌ಫುಟ್ ಹಾಫ್‌ಲಿಂಗ್, ಕುಳ್ಳರ ಕುಲದವನು. ಐದನೇ ಲೆವೆಲ್: ರೋಗ್ (ಕಳ್ಳ) 3, ರೇಂಜರ್ (ಕಾಡಿನ ಬೇಟೆಗಾರ) 2. ರೋಗ್‌ನಲ್ಲಿ ಅಸಾಸಿನ್, ಹೊಂಚು ಹಾಕಿ ಕೊಲ್ಲುವವನು. ಕತ್ತಲಲ್ಲಿ ಬರುತ್ತಾನೆ, ಒಂದೇ ಬಾಣ, ಕಥೆ ಮುಗೀತು.

ದೀಪಾ: ವಿಸ್ಡಮ್, ಅಂದರೆ ವಿವೇಕದ ಅಂಕ, 12 ಇದೆಯಲ್ಲೋ.

ರಘು: ಅದಕ್ಕೇನೀಗ?

ದೀಪಾ: ರೋಗ್ ಜೊತೆ ರೇಂಜರ್ ಸೇರಿಸಿ ಮಲ್ಟಿಕ್ಲಾಸ್ ಮಾಡಬೇಕಾದರೆ ಡೆಕ್ಸ್ (ಚುರುಕುತನ) 13, ವಿಸ್ಡಮ್ 13 ಎರಡೂ ಇರಬೇಕು. ನಿನ್ನ ಮನುಷ್ಯ ಬಾಗಿಲಲ್ಲೇ ವಾಪಸ್.

ರಘು: ಕರಿಸ್ಮಾಗೆ (ಮಾತಿನ ಮೋಡಿಗೆ) 13 ಕೊಟ್ಟಿದ್ದೆ. ಕಳ್ಳನಿಗೆ ಸುಳ್ಳು ಹೇಳಲು ಬರಬೇಕಲ್ವಾ.

ದೀಪಾ: ಎರಡನ್ನೂ ಅದಲುಬದಲು ಮಾಡು. ಅಂಕಗಳಿಗೆ ಖರ್ಚು ಮಾಡುವ ಪಾಯಿಂಟ್ ಅಷ್ಟೇ ಆಗುತ್ತೆ, 27.

ಮಂಜು: ಏನ್ರೋ ಇದು? ಪಿಡಿಎಫ್ ತೆರೆದರೆ ಕರೆಂಟ್ ಬಿಲ್ ಥರ ಇದೆ.

ಶ್ರುತಿ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಣೋ. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಇವರೆಲ್ಲ ಒಂದೊಂದು ಪಾತ್ರ. ನಾನು ಡಿಎಂ, ಕಥೆ ನಡೆಸುವವಳು. ಶತ್ರುಗಳೆಲ್ಲ ನಾನೇ. ಅಂದುಕೊಂಡದ್ದು ಆಗುತ್ತೋ ಇಲ್ಲವೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತೆ.

ಮಂಜು: ಸರಿ ತಾಯಿ. ನಾನು ಸುಮ್ನೆ ನೋಡ್ತಾ ಇರ್ತೀನಿ.

ನವೀನ: ರಘು, ಹಾಫ್‌ಲಿಂಗ್‌ಗೆ ಡಾರ್ಕ್‌ವಿಷನ್ ಇಲ್ಲ ಕಣೋ. ಕತ್ತಲಲ್ಲಿ ದಾರಿ ಹೇಗೆ ಕಾಣುತ್ತೆ?

ರಘು: ಪಂಜು ಇದೆ. ಸಾಮಾನು ಪಟ್ಟಿ ನೋಡು.

ನವೀನ: ಪಂಜು ಹಿಡಿದುಕೊಂಡು ಕಳ್ಳತನಕ್ಕಾ?

ದೀಪಾ: 😂 20 ಅಡಿ ನಿಚ್ಚಳ ಬೆಳಕು, ಆಚೆಗೆ ಇನ್ನೂ 20 ಅಡಿ ಮಬ್ಬು. ಊರಿಗೆಲ್ಲ ಡಂಗುರ. ರೇಂಜರ್ 3ಕ್ಕೆ ಗ್ಲೂಮ್ ಸ್ಟಾಕರ್, ಅಂದರೆ ಕತ್ತಲ ಬೇಟೆಗಾರನ ದಾರಿ, ತಗೊಂಡಿದ್ದರೆ 60 ಅಡಿ ಡಾರ್ಕ್‌ವಿಷನ್ ಬರುತ್ತಿತ್ತು. ಡಾರ್ಕ್‌ವಿಷನ್ ನಂಬಿಕೊಂಡ ಶತ್ರು ಗಾಬ್ಲಿನ್‌ಗಳಿಗೆ ಕತ್ತಲಲ್ಲಿ ನೀನು ಕಾಣುತ್ತಲೂ ಇರಲಿಲ್ಲ. ಸರಿಯಾಗಿ ಎರಡಕ್ಕೆ ನಿಲ್ಲಿಸಿದ್ದೀಯ, ಪುಣ್ಯಾತ್ಮ.

ರಘು: ರೋಗ್ ಮೂರು ಬೇಕೇ ಬೇಕು, ಅಸಾಸಿನ್ ಸಿಗುವುದೇ ಆಗ. ಸರ್ಪ್ರೈಸ್ ಆದವನಿಗೆ ಬಾಣ ತಾಗಿದರೆ ಸಾಕು, ಕ್ರಿಟ್, ಹಾನಿಯ ದಾಳ ಎರಡರಷ್ಟು. 2ಡಿ6 (ಆರು ಮುಖದ ಎರಡು ದಾಳ) ಸ್ನೀಕ್ ಅಟ್ಯಾಕ್, ಅಂದರೆ ಹೊಂಚು ಹೊಡೆತ, 4ಡಿ6 ಆಗುತ್ತೆ. ಬಿಲ್ಲಿನದು 2ಡಿ6. ಮೇಲೆ ಡೆಕ್ಸ್‌ನ 3. ಸರಾಸರಿ 24!

ಶ್ರುತಿ: ಸರ್ಪ್ರೈಸ್ ಆದರೆ.

ರಘು: ಯಾಕಾಗಲ್ಲ? ನನ್ನ ಸ್ಟೆಲ್ತ್ (ಸದ್ದಿಲ್ಲದೆ ನುಸುಳುವುದು) +9, ದಾಳಕ್ಕೆ ಸೇರುತ್ತೆ.

ಶ್ರುತಿ: ನಿನ್ನದು 9. ನವೀನ, ನಿನ್ನ ಯೋಧ ಪ್ಯಾಲಡಿನ್‌ದು?

ನವೀನ: ಚೈನ್ ಮೇಲ್, ಸದ್ದು ಮಾಡುವ ಸರಪಳಿ ಕವಚ, ಹಾಕಿದ್ದಾನೆ, ಡೆಕ್ಸ್ 10. ಅಂದರೆ ಸೊನ್ನೆ. ಅದೂ ಎರಡು ದಾಳ ಹಾಕಿ ಕಡಿಮೆ ಬಂದದ್ದನ್ನೇ ಹಿಡಿಯಬೇಕು.

ಶ್ರುತಿ: ಅದೇ ನೋಡು. ನಿಮ್ಮಲ್ಲಿ ಒಬ್ಬ ಕಂಡರೂ ಗಾಬ್ಲಿನ್ ಎಚ್ಚರ. ಅಪಾಯ ಇದೆ ಅಂತ ಗೊತ್ತಾದ ಮೇಲೆ ಸರ್ಪ್ರೈಸ್ ಇಲ್ಲ, ನೀನು ಎಲ್ಲೇ ಅಡಗಿರು. ಅದರ ಪ್ಯಾಸಿವ್ ಪರ್ಸೆಪ್ಷನ್, ಸುಮ್ಮನಿದ್ದಾಗಲೂ ಇರುವ ಗಮನ, 9. ನವೀನನ ಎರಡೂ ದಾಳ ಅದನ್ನು ದಾಟುವುದು ಹತ್ತರಲ್ಲಿ ಮೂರು ಸಲ.

ರಘು: ಅವನು ನೂರು ಅಡಿ ಹಿಂದೆ ಇರಲಿ.

ನವೀನ: ಓಹೋ. ಉಳಿದ ಗಾಬ್ಲಿನ್‌ಗಳು ನಿನ್ನ ಮೇಲೆ ಬಿದ್ದಾಗ? ಓಡಿ ಬಂದರೂ ನನಗೆ ಎರಡು ಸುತ್ತು ಬೇಕು.

ದೀಪಾ: ಜಗಳ ಬಿಡಿ. ಪೂರ್ತಿ ರೇಂಜರ್ 5 ಮಾಡು. ಪಾಸ್ ವಿದೌಟ್ ಟ್ರೇಸ್ ಮಂತ್ರ ಸಿಗುತ್ತೆ. ನಿನ್ನ 30 ಅಡಿ ಒಳಗಿರುವ ನಮ್ಮವರಿಗೆಲ್ಲ ಸ್ಟೆಲ್ತ್ +10, ಒಂದು ಗಂಟೆ ತನಕ. ನವೀನನ ಎರಡು ದಾಳದಲ್ಲೂ ಒಂದೇ ಬಿದ್ದರೂ 11.

ನವೀನ: ಝಣ್ ಝಣ್ ಅಂತ ನಡೆದರೂ ಕೇಳಿಸಲ್ಲ! ನನ್ನ ಓಟು ದೀಪಾಗೆ.

ರಘು: ಅದಕ್ಕೆ ಕಾನ್ಸಂಟ್ರೇಷನ್ ಬೇಕು, ಒಂದು ಸಲಕ್ಕೆ ಅಂಥ ಒಂದೇ ಮಂತ್ರ. ಪೆಟ್ಟು ಹೆಚ್ಚಿಸುವ ಹಂಟರ್ಸ್ ಮಾರ್ಕ್ ಕೈಬಿಡಬೇಕಾಗುತ್ತೆ.

ದೀಪಾ: ಅದು ನಿಜ, ಒಪ್ಪಿದೆ. ಆದ್ರೆ ಲೆಕ್ಕ ನೋಡು. ರೇಂಜರ್ 4ಕ್ಕೆ ಡೆಕ್ಸ್ 18, ವಿಸ್ಡಮ್ 14 ಮಾಡಿಕೊಳ್ಳಬಹುದು. 5ಕ್ಕೆ ಎಕ್ಸ್‌ಟ್ರಾ ಅಟ್ಯಾಕ್, ಒಂದರ ಬದಲು ಎರಡು ಬಾಣ. ಗ್ಲೂಮ್ ಸ್ಟಾಕರ್‌ಗೆ ಮೊದಲ ಸರದಿಯಲ್ಲಿ ಇನ್ನೊಂದು ಬಾಣ, ಅದಕ್ಕೆ 1ಡಿ8 ಜಾಸ್ತಿ. ಮೂರೂ ತಾಗಿದರೆ ಸರಾಸರಿ 27, ಸರ್ಪ್ರೈಸ್ ಆಗಲಿ ಬಿಡಲಿ. ನೀನು 3-2 ಅಂತ ಒಡೆದು ಎರಡು ಕಡೆಯದೂ ಕಳೆದುಕೊಂಡೆ.

ರಘು: ನಾನು ಹೇಳಿದರೆ "ಸರ್ಪ್ರೈಸ್ ಆದರೆ" ಅಂತ ಕೊಕ್ಕೆ. ನೀನು ಹೇಳಿದರೆ "ಮೂರೂ ತಾಗಿದರೆ" ನಡೆಯುತ್ತಾ?

ಶ್ರುತಿ: ಅದೂ ಸರಿ 😄

ದೀಪಾ: ಒಂದು ತಪ್ಪಿದರೆ ಇನ್ನೆರಡು ಇರುತ್ತಲ್ಲ. ನಿನ್ನದು ತಪ್ಪಿದರೆ ಸೊನ್ನೆ.

ರಘು: ಅಸಾಸಿನ್‌ಗೆ ಅಡ್ವಾಂಟೇಜ್ ಇರುತ್ತೆ ಮೇಡಂ, ಎರಡು ದಾಳದಲ್ಲಿ ಹೆಚ್ಚು ಬಂದದ್ದು. ಸುಲಭಕ್ಕೆ ತಪ್ಪಲ್ಲ.

ದೀಪಾ: ಅವರ ಸರದಿ ಇನ್ನೂ ಬಂದಿರದಿದ್ದರೆ. ಇನಿಷಿಯೇಟಿವ್‌ನಲ್ಲಿ, ಅಂದರೆ ಸರದಿ ಗೊತ್ತುಮಾಡುವ ದಾಳದಲ್ಲಿ, ಗಾಬ್ಲಿನ್ ನಿನಗಿಂತ ಮುಂದೆ ಬಂತು ಅಂತಿಟ್ಟುಕೋ. ಅದರ ಸರದಿ ದಾಟಿದ ಕೂಡಲೇ ಸರ್ಪ್ರೈಸೂ ಹೋಯಿತು, ಕ್ರಿಟ್ಟೂ ಹೋಯಿತು. ಗ್ಲೂಮ್ ಸ್ಟಾಕರ್ ಇನಿಷಿಯೇಟಿವ್‌ಗೆ ವಿಸ್ಡಮ್ ಕೂಡ ಸೇರಿಸಿಕೊಳ್ಳುತ್ತಾನೆ.

ರಘು: ನನಗೆ ಬರೀ ಲೆಕ್ಕ ಬೇಡ ಕಣೇ. ರೋಗ್ ಆಡುವ ಮಜವೇ ಬೇರೆ. ಬೀಗ ತೆಗೆಯಬೇಕು. ಬಾಣ ಬಿಟ್ಟು ಅದೇ ಸರದಿಯಲ್ಲಿ ಮತ್ತೆ ಅಡಗಬೇಕು. ಲೈಟ್‌ಫುಟ್ ಆದರೆ ನವೀನನ ಬೆನ್ನ ಹಿಂದೆಯೇ ಅಡಗಬಹುದು.

ನವೀನ: ಈಗ ತಾನೇ ನೂರು ಅಡಿ ಹಿಂದೆ ಇರು ಅಂದೆಯಲ್ಲೋ!

ಶ್ರುತಿ: ಆದರೆ ರಘು ಹೇಳುವುದರಲ್ಲಿ ತಪ್ಪಿಲ್ಲ. ಲೆಕ್ಕ ಸರಿ ಇದೆ ಅಂತ ಇಷ್ಟವಿಲ್ಲದ ಪಾತ್ರ ಕಟ್ಟಿ, ಆಟದ ಮಧ್ಯೆ ಫೋನ್ ನೋಡುತ್ತಾ ಕೂತರೆ ನನಗೇನು ಲಾಭ? ಆದ್ದರಿಂದ ಹೀಗೆ ಮಾಡು. ರೇಂಜರ್ 5ರಿಂದ ಶುರು. ಆರಕ್ಕೆ ರೋಗ್ ಒಂದು, ಎಕ್ಸ್‌ಪರ್ಟೀಸ್, ಎರಡು ಪಟ್ಟು ಪರಿಣತಿ, ಬರುತ್ತೆ. ಏಳಕ್ಕೆ ಇನ್ನೊಂದು, ಕನ್ನಿಂಗ್ ಆಕ್ಷನ್, ನಿನ್ನ ಕಣ್ಣಾಮುಚ್ಚಾಲೆ ಆಗ ಶುರು. ಬೀಗಕ್ಕೆ ಅಲ್ಲಿ ತನಕ ಕಾಯಬೇಕಿಲ್ಲ. ಕ್ರಿಮಿನಲ್ ಬ್ಯಾಕ್‌ಗ್ರೌಂಡ್ ತಗೋ, ಥೀವ್ಸ್ ಟೂಲ್ಸ್ ಅದರಲ್ಲೇ ಇದೆ.

ರಘು: ಹೊಸ ನಿಯಮ ಪುಸ್ತಕದ ಪ್ರಕಾರ ಅಸಾಸಿನ್ ಮಾಡಿದರೆ?

ಶ್ರುತಿ: ನಾವು ಆಡುವುದು 2014ರದ್ದು. 2024ರದ್ದರಲ್ಲಿ ಆ ಕ್ರಿಟ್ಟನ್ನೇ ತೆಗೆದಿದ್ದಾರೆ. ನಿನಗೆ ಅದು ಬೇಡ ಬಿಡು.

ಮಂಜು: ನಂದೊಂದು ಡೌಟು. ಆ ಪಂಜು ನವೀನನ ಕೈಗೆ ಕೊಟ್ಟರೆ ಆಗಲ್ವಾ?

ನವೀನ: ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಪಂಜು ಬಾಯಲ್ಲಿ ಕಚ್ಚಿಕೊಳ್ಳಲಾ?

ರಘು: ಆಯ್ತು ಮಾರಾಯ್ರೇ. ಹೊಸ ಪಿಡಿಎಫ್. ರೇಂಜರ್ 5, ಗ್ಲೂಮ್ ಸ್ಟಾಕರ್, ಕ್ರಿಮಿನಲ್. ಅಸಾಸಿನ್ ಇಲ್ಲ, ಪಂಜೂ ಇಲ್ಲ. ಬದಲಿಗೆ ದೊಡ್ಡ ಲಾಂಗ್‌ಬೋ ತಗೊಂಡೆ, ಡ್ಯಾಮೇಜ್ 1ಡಿ8.

ದೀಪಾ: ಲಾಂಗ್‌ಬೋ ಹೆವಿ. ಹಾಫ್‌ಲಿಂಗ್ ಸ್ಮಾಲ್. ಪ್ರತಿ ಬಾಣಕ್ಕೂ ಡಿಸ್‌ಅಡ್ವಾಂಟೇಜ್, ಎರಡು ದಾಳದಲ್ಲಿ ಕಡಿಮೆಯದು.

ರಘು: ಶಾರ್ಟ್‌ಬೋ ಅಂತ ಬದಲಾಯಿಸಿದೆ. ಇನ್ನು ಶನಿವಾರದ ತನಕ ಯಾರೂ ನನ್ನ ಶೀಟ್ ತೆರೆಯಬೇಡಿ.