‘ತುಘಲಕ್’ ಸೆಟ್: ಆ ಮನುಷ್ಯನ ಸ್ವಭಾವ ಸ್ಟೇಜ್ ಮೇಲೆ ಕಾಣೋ ಹಾಗೆ ಮಾಡೋದು ಹೇಗೆ?

ಸೈಡ್‌ವಿಂಗ್:
ನಮ್ಮ ಹವ್ಯಾಸಿ ತಂಡ ಕಾರ್ನಾಡರ ‘ತುಘಲಕ್’ ಮಾಡ್ತಿದೆ, ಸೆಟ್ ನನ್ನ ತಲೆಗೆ ಕಟ್ಟಿದಾರೆ. ಡೈರೆಕ್ಟರ್ ಹೇಳೋದು ಒಂದೇ, ಅರಮನೆ ಬೇಡ, ಆ ಮನುಷ್ಯ ಕಾಣ್ಬೇಕು ಅಂತ. ಎರಡನೇ ದೃಶ್ಯದಲ್ಲೇ ಒಬ್ನೇ ಕೂತು ಚದುರಂಗ ಆಡ್ತಿರ್ತಾನಲ್ಲ, ಅದಕ್ಕೆ ಇಡೀ ಫ್ಲೋರ್‌ಗೆ ಕಪ್ಪು ಬಿಳಿ ಮನೆ ಬಳಿಯೋಣ ಅಂತಿದೀನಿ. ದುಡ್ಡು ಕಮ್ಮಿ, ಪ್ಲೈವುಡ್ ಪ್ಲಾಟ್‌ಫಾರ್ಮ್ ಒಂದಷ್ಟಿವೆ. ಏನಂತೀರಿ?

ಗೀಜಗ:
ಬೇಡ ಮಾರಾಯ್ರೆ. ಲೈಟ್ ಬಂದ ಕೂಡ್ಲೇ ಜನ ‘ಓ, ಎಲ್ರನ್ನೂ ಕಾಯಿ ಥರ ನಡೆಸ್ತಾನೆ’ ಅಂತ ತೀರ್ಮಾನ ಮಾಡಿ ಕೂತ್ಬಿಡ್ತಾರೆ, ಇನ್ನು 13 ದೃಶ್ಯ ನಟ ಏನ್ ಮಾಡ್ಬೇಕು ಹೇಳಿ? ಮಣೆ ಚಿಕ್ಕದೇ ಇರ್ಲಿ, ಎದುರಿಗೆ ಒಂದು ಖಾಲಿ ಪೀಠ ಇಡಿ. ಮಲತಾಯಿ ಬಂದ್ರೂ ಅದರ ಮೇಲೆ ಕೂರೋದ್ ಬೇಡ, ನಿಂತೇ ಮಾತಾಡ್ಲಿ. ಅವನ ಒಂಟಿತನ, ಅಹಂಕಾರ ಎರಡೂ ಅಲ್ಲೇ ಬಂತು.

ಹಳೇ ಪರದೆ:
ಪೀಠ ಚೆನ್ನಾಗಿದೆ. ಆದ್ರೆ ಅವನು ಮೊದಲಿಂದ ಕೊನೇವರೆಗೆ ಒಂದೇ ಥರ ಇರಲ್ಲ, ಸೆಟ್ಟೂ ಕೆಡ್ತಾ ಹೋಗ್ಬೇಕು. ಕಂಪನಿ ನಾಟಕದಲ್ಲಿ ಮುಂದೆ ಪರದೆ ಬಿಟ್ಟು ಬೀದಿ ಸೀನ್ ಆಡ್ತಾ ಹಿಂದೆ ದರ್ಬಾರ್ ರೆಡಿ ಮಾಡ್ತಿದ್ರಲ್ಲ, ಆ ಕ್ರಮ ಇಟ್ಕೊಂಡೇ ಬರೆಯೋಕ್ ಶುರು ಮಾಡಿದ್ದು ಅಂತ ಕಾರ್ನಾಡರೇ ಹೇಳಿದಾರೆ. ಅಜೀಜ್, ಆಜಮ್ ಅನ್ನೋ ಆ ಇಬ್ರು ಮೋಸಗಾರರು ಸ್ಟೇಜಿನ ಮುಂಭಾಗದಲ್ಲಿ, ಸುಲ್ತಾನ ಹಿಂದೆ ಪ್ಲಾಟ್‌ಫಾರ್ಮ್ ಮೇಲೆ. ಕೊನೆಗೆ ಆ ಅಜೀಜ್ ವೇಷ ಹಾಕ್ಕೊಂಡು ಅರಮನೆ ಒಳಗೇ ಬರ್ತಾನಲ್ಲ, ಅಷ್ಟೊತ್ತಿಗೆ ನಡುವೆ ಗೆರೆ ಉಳಿದಿರ್ಬಾರ್ದು. ಇನ್ನು ಪರ್ಷಿಯನ್ ಕವಿ ಸಾದಿಯ ಕಾವ್ಯದ ಹಾಗಿರ್ಬೇಕು ಅಂತ ಸುಲ್ತಾನ ಮಾಡಿಸಿದ ಗುಲಾಬಿ ತೋಟದಲ್ಲೇ, ಅವನ ತಾಮ್ರದ ನಾಣ್ಯ ನೋಡಿ ಜನ ಮಾಡಿದ ಖೋಟಾ ನಾಣ್ಯ ರಾಶಿ ಬೀಳುತ್ತೆ, ನಿಮ್ಮ ಸೆಟ್‌ಗೆ ಅದಕ್ಕಿಂತ ದೊಡ್ಡ ಚಿತ್ರ ಬೇಕಾ? ಆ ರಾಶಿ ಆಮೇಲೆ ತೆಗೀಲೇಬೇಡಿ, ಸಿಂಹಾಸನಕ್ಕೆ ಅದನ್ನ ತುಳ್ಕೊಂಡೇ ಹೋಗ್ಲಿ.

ಸೈಡ್‌ವಿಂಗ್:
ಸೂಪರ್! ತಗಡು ಕತ್ತರಿಸಿ ಸುರಿದ್ರೆ ಆಗುತ್ತಾ?

ಗೀಜಗ:
ಪ್ಲೈವುಡ್ ಮೇಲೆ ತಗಡು ಬಿದ್ರೆ ಡೈಲಾಗ್ ಒಂದೂ ಕೇಳ್ಸಲ್ಲ, ನಟರ ಕಾಲೂ ಕುಯ್ಯುತ್ತೆ. ದಪ್ಪ ರಟ್ಟಿಗೆ ತಾಮ್ರದ ಬಣ್ಣ ಹೊಡೀರಿ, ಕೆಳಗೆ ಜಮಖಾನ ಹಾಸಿ. ನಿಜವಾದ ಲೋಹ ಒಂದು ಹಿಡಿ ಅವನ ಕೈಯಲ್ಲಿರ್ಲಿ, ಬೇಕಾದಾಗ ಒಂದೊಂದೇ ಬೀಳಿಸ್ತಾನೆ.

ಹಳೇ ಪರದೆ:
ಅಂದ ಹಾಗೆ ಶೋ ಎಲ್ಲಿ? ಬೆಂಗಳೂರಿನ ರಂಗಶಂಕರ ಥಿಯೇಟರ್ ಹಾಗೆ ಮೂರು ಕಡೆ ಜನ ಕೂರೋ ಜಾಗ ಆದ್ರೆ ಆ ಪೀಠ ಮಧ್ಯ ಇಡ್ಬೇಡಿ, ಒಂದು ಸೈಡಿನವ್ರಿಗೆ ಬರೀ ಸುಲ್ತಾನನ ಬೆನ್ನು ಕಾಣುತ್ತೆ.